ನರ್ಸಮ್ಮನ ತಲೆ ಮೇಲಿನ ಹಸಿರು ದೀಪ

ಆ ಮನೆಯಲ್ಲಿ ಇದು ಅಕ್ಕನದು, ಇದು ತಂಗಿಯದು ಎಂಬ ಲೆಕ್ಕವೇ ಇರಲಿಲ್ಲ. ಕೊಡೆ ಒಂದೇ, ಬಾಚಣಿಗೆ ಒಂದೇ. ಬಾಗಿಲ ಬಳಿಯ ಚಪ್ಪಲಿಯನ್ನು ಯಾರು ಮೊದಲು ಹೊರಟರೋ ಅವರು ಮೆಟ್ಟಿಕೊಂಡು ಹೋಗುತ್ತಿದ್ದರು. ಕೊನೆಗೆ ದನಿಯೂ ಒಂದೇ. ಫೋನು ಮಾಡಿದವರು ಅರ್ಧ ಮಾತಾಡಿದ ಮೇಲೆ, "ಇದು ದೊಡ್ಡವರಾ, ಚಿಕ್ಕವರಾ?" ಎಂದು ಕೇಳುವುದು ಮಾಮೂಲಾಗಿತ್ತು.

ಅಕ್ಕ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಬೀದಿಗೆಲ್ಲ ಅವಳು ನರ್ಸಮ್ಮ. ತಂಗಿಯದು ಬೀದಿಯ ಕೊನೆಯಲ್ಲಿ ಝೆರಾಕ್ಸ್ ಅಂಗಡಿ. ನಿಮ್ಮ ಮನೆಯೂ ಹೀಗೇ ಇರಬಹುದು. ಹಂಚಿಕೊಂಡು ಬಾಳುವುದರಲ್ಲಿ ತಪ್ಪೇನಿಲ್ಲ. ಆದರೆ ಹಂಚಬಾರದ ಒಂದನ್ನು ಹಂಚಿ ನರ್ಸಮ್ಮ ತಲೆ ತಗ್ಗಿಸಬೇಕಾಗಿ ಬಂತು. ಆ ಕಥೆ ಕೇಳಿ.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಒಂದು ಸಂಘ ಇದೆ. ಆ ಸಂಘದವರು ನರ್ಸಮ್ಮನಿಗೆ ವಿಆರ್ ಹೆಡ್‌ಸೆಟ್ ಕೊಟ್ಟಿದ್ದರು. ಅದನ್ನು ಕಣ್ಣಿಗೆ ಹಾಕಿಕೊಂಡರೆ ಮನೆಯ ಗೋಡೆ ಮಾಯವಾಗಿ ನಾಲ್ಕು ಮಂಚಗಳ ಒಂದು ಕೋಣೆ ಕಾಣುತ್ತದೆ. ಬೇರೆ ಬೇರೆ ಊರಿನವರು ತಂತಮ್ಮ ಮನೆಯಲ್ಲೇ ನಿಂತು, ಗೊಂಬೆಯ ರೂಪದಲ್ಲಿ ಅಲ್ಲಿಗೆ ಬರುತ್ತಾರೆ. ರೋಗಿಯನ್ನು ಮಗ್ಗುಲು ತಿರುಗಿಸುವುದು ಹೇಗೆ, ಎಬ್ಬಿಸದೆ ಹಾಸಿಗೆಯ ಬಟ್ಟೆ ಬದಲಿಸುವುದು ಹೇಗೆ ಎಂದು ನರ್ಸಮ್ಮ ಅಲ್ಲಿ ಹೇಳಿಕೊಡುತ್ತಿದ್ದಳು.

ಆ ಕೋಣೆಯಲ್ಲಿ ಯಾರ ನಿಜವಾದ ಮುಖವೂ ಕಾಣುವುದಿಲ್ಲ. ಅದಕ್ಕೇ ಪ್ರತಿಯೊಬ್ಬರ ತಲೆಯ ಮೇಲೆ ಒಂದು ಹಸಿರು ದೀಪ. ನಿಮ್ಮ ಮಾತಿನಿಂದ ಯಾರಿಗಾದರೂ ಉಪಕಾರವಾದರೆ ಅವರು ಒಂದು ಗುಂಡಿ ಒತ್ತುತ್ತಾರೆ, ನಿಮ್ಮ ದೀಪ ಒಂದಿಷ್ಟು ಹೆಚ್ಚು ಬೆಳಗುತ್ತದೆ. ನರ್ಸಮ್ಮನಿಗೆ ನಲವತ್ತಮೂರು ಜನ ಒತ್ತಿದ್ದರು. ಅಷ್ಟು ಬೆಳಕು ಇನ್ಯಾರಿಗೂ ಇರಲಿಲ್ಲ. ಕೋಣೆಗೆ ಕಾಲಿಟ್ಟ ಕೂಡಲೇ ಅವಳು ಮೊದಲು ಅಲ್ಲಿನ ಕನ್ನಡಿಯಲ್ಲಿ ತನ್ನ ದೀಪ ನೋಡಿಕೊಳ್ಳುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ತಂಗಿ ಮೂಗು ಮುರಿಯುತ್ತಿದ್ದಳು. "ಇಲ್ಲದ ಮಂಚ, ಇಲ್ಲದ ರೋಗಿ, ಇಲ್ಲದ ದೀಪ. ಇರೋದು ನೀನೊಬ್ಬಳೇ, ಅದೂ ಗೋಡೆಗೆ ಮುಖ ಮಾಡ್ಕೊಂಡು."

"ಸಾಕು ಸುಮ್ನಿರೇ," ಎಂದು ನರ್ಸಮ್ಮ ನಗುತ್ತಿದ್ದಳು.

ಒಂದು ಗುರುವಾರ ಅವಳ ಕಣ್ಣಿನ ತಪಾಸಣೆ ಇತ್ತು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಸಂಜೆವರೆಗೆ ಎಲ್ಲ ಮಂಜುಮಂಜಾಗಿರುತ್ತದೆ ಎಂದಿದ್ದರು. ನಾಲ್ಕು ಗಂಟೆಗೆ ಕೋಣೆಯಲ್ಲಿ ಅವಳ ಸರದಿ. ಹೋಗದಿದ್ದರೆ ದೀಪ ಮಂಕಾದೀತು ಎಂದು ಅವಳಿಗೆ ಒಳಗೇ ಪುಕುಪುಕು. ಯಾರನ್ನೂ ಕೇಳಲಿಲ್ಲ, ತಂಗಿಯನ್ನು ಕರೆದಳು.

"ಒಂದು ಗಂಟೆ ಇದನ್ನ ಹಾಕ್ಕೊಂಡು ನಿಂತ್ಕೋ. ಒಳಗೆ ಹೋಗೋ ಪಿನ್ ನಾನೇ ಒತ್ತಿ ಕೊಡ್ತೀನಿ."

"ನಂಗೇನು ಗೊತ್ತು ನಿನ್ನ ವಿದ್ಯೆ?"

"ಹೂಂ ಅನ್ನು, ಉಹೂಂ ಅನ್ನು. ಯಾರಾದ್ರೂ ಕೇಳಿದ್ರೆ ಏನೋ ಒಂದು ಹೇಳಿ ಕಳಿಸು. ನಮ್ಮ ದನಿ ಒಂದೇ ತಾನೆ, ಯಾರಿಗೆ ತಿಳಿಯುತ್ತೆ?"

ಯಾರಿಗೂ ತಿಳಿಯಲಿಲ್ಲ. ಐದು ಗಂಟೆಗೆ ತಂಗಿ ಹೆಡ್‌ಸೆಟ್ ಬಿಚ್ಚಿಟ್ಟು, "ಅಬ್ಬಾ, ಕತ್ತು ನೋವು," ಎಂದು ಅಂಗಡಿ ತೆರೆಯಲು ಹೋದಳು.

ಸೋಮವಾರ ನರ್ಸಮ್ಮ ಕೋಣೆಗೆ ಹೋದಾಗ ಒಬ್ಬಳು ಹುಡುಗಿ ಕಾಯುತ್ತಿದ್ದಳು. ದನಿ ಸಣ್ಣದು, ಮಾತು ಚುಟುಕು. ಅದಕ್ಕೇ ಕೋಣೆಯವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಅವಳ ಅಪ್ಪನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು.

"ನರ್ಸಮ್ಮ, ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ್ವಿ. ನೀರು ಶ್ವಾಸಕೋಶಕ್ಕೆ ಹೋಗಿಬಿಟ್ಟಿದೆಯಂತೆ. ಎರಡು ದಿನ ಆಕ್ಸಿಜನ್ ಮೇಲಿದ್ರು. ಈಗ ಪರವಾಗಿಲ್ಲ."

"ಅಯ್ಯೋ, ಹೇಗಾಯ್ತಮ್ಮ?"

"ನಂದೇ ತಪ್ಪು. ನೀವು ಗುರುವಾರ ಹೇಳಿದ್ರಲ್ಲ, ಮಲಗಿದ್ದ ಹಾಗೇ ಕುಡಿಸಬಹುದು, ಏನೂ ಆಗಲ್ಲ ಅಂತ. ನಿಧಾನಕ್ಕೇ ಕುಡಿಸ್ದೆ. ಆದ್ರೂ ಚಮಚ ಹಿಡಿಯೋದ್ರಲ್ಲಿ ನಾನೇ ಎಲ್ಲೋ ಎಡವಿದ್ದೀನಿ."

ಲಕ್ವ ಹೊಡೆದವರಿಗೆ ನುಂಗುವುದೇ ಕಷ್ಟ. ಡಾಕ್ಟರ ಒಪ್ಪಿಗೆ ಇದ್ದರೂ, ನೆಟ್ಟಗೆ ಕೂರಿಸದೆ ಒಂದು ಹನಿಯನ್ನೂ ಬಾಯಿಗೆ ಹಾಕಬಾರದು. ಮೂವತ್ತೊಂದು ವರ್ಷ ಅವಳು ವಾರ್ಡಿನ ಬಾಗಿಲಲ್ಲಿ ನಿಂತು ಇದನ್ನೇ ಸಾರಿದ್ದಳು.

ಆಗಲೇ ಅವಳು ನಿಜ ಹೇಳಬಹುದಿತ್ತು. ಬಾಯಿಯವರೆಗೂ ಬಂತು. ಆದರೆ ಸುತ್ತ ಒಂಬತ್ತು ಜನ ನಿಂತಿದ್ದರು, ಅಷ್ಟು ಜನರ ಎದುರು ನಾಲಿಗೆ ಏಳಲಿಲ್ಲ. "ಈಗ ಹುಷಾರಾಗಿದ್ದಾರಲ್ಲ, ಅಷ್ಟು ಸಾಕು," ಎಂದುಬಿಟ್ಟಳು.

"ನೀವು ಇಷ್ಟು ವಿಚಾರಿಸ್ತೀರಲ್ಲ," ಎಂದು ಗುಬ್ಬಿ ಗುಂಡಿ ಒತ್ತಿದಳು. ಎದುರಿನ ಕನ್ನಡಿಯಲ್ಲಿ ನರ್ಸಮ್ಮನ ದೀಪ ಇನ್ನೂ ಸ್ವಲ್ಪ ಹೆಚ್ಚು ಬೆಳಗಿತು.

ಹೆಡ್‌ಸೆಟ್ ತೆಗೆದವಳೇ ಅಂಗಡಿಗೆ ನಡೆದಳು. ತಂಗಿ ಯಂತ್ರಕ್ಕೆ ಕಾಗದ ತುಂಬುತ್ತಿದ್ದಳು.

"ಗುರುವಾರ ಒಬ್ಬಳು ನೀರು ಕುಡಿಸೋದು ಕೇಳಿದ್ಲಾ?"

"ಹೂಂ. ಅಪ್ಪನ್ನ ಎತ್ತಿ ಕೂರಿಸೋಕಾಗಲ್ಲ, ಮಲಗಿದ್ದ ಹಾಗೇ ಕೊಡಬಹುದಾ ಅಂದ್ಲು. ನೀರು ಕುಡಿಸೋದಕ್ಕೆ ಓದು ಬೇಕಾ? ಕೊಡಮ್ಮ, ಏನೂ ಆಗಲ್ಲ ಅಂದೆ."

ನರ್ಸಮ್ಮ ನಡೆದದ್ದನ್ನು ಹೇಳಿದಳು. ತಂಗಿಯ ಮುಖ ಸಣ್ಣದಾಯಿತು. ದನಿ ತಗ್ಗಿಸಿ, "ಈಗ ಆರಾಮಾಗಿದ್ದಾರಲ್ಲ. ಹೇಳಿದ್ದು ನಾನು ಅಂತ ಯಾರಿಗೂ ಗೊತ್ತಿಲ್ಲ. ಬಿಟ್ಟುಬಿಡು," ಎಂದಳು.

ನರ್ಸಮ್ಮನೂ ಬಿಟ್ಟುಬಿಡಲು ನೋಡಿದಳು. ಎರಡು ದಿನ ನೋಡಿದಳು. ತಟ್ಟೆಯ ಮುಂದೆ ಕೂತರೆ ಲೋಟದ ನೀರು ಕಾಣುತ್ತಿತ್ತು, ತುತ್ತು ಇಳಿಯುತ್ತಿರಲಿಲ್ಲ. ವಾರ್ಡಿನಲ್ಲಿ ಔಷಧಿ ಕೊಟ್ಟವರೇ ಚೀಟಿಗೆ ಸಹಿ ಹಾಕಬೇಕಿತ್ತು. ಒಮ್ಮೆ ಗೆಳತಿಯೊಬ್ಬಳು ಅವಸರದಲ್ಲಿ, ನನ್ನ ಸಹಿ ನೀನೇ ಗೀಚಿಬಿಡೇ ಎಂದಾಗ ನರ್ಸಮ್ಮ ಅವಳಿಗೆ ಚೆನ್ನಾಗಿ ಬೈದಿದ್ದಳು. ಅಂಥವಳು ತನ್ನ ಹೆಸರನ್ನೇ ಪೂರ್ತಿ ಎತ್ತಿ ಇನ್ನೊಬ್ಬರ ಕೈಗೆ ಕೊಟ್ಟಿದ್ದಳು, ಗೊಂಬೆ ತಾನೆ ಎಂದು. ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಗುಬ್ಬಿ ಆ ತಪ್ಪನ್ನು ತನ್ನ ತಲೆ ಮೇಲೆ ಹೊತ್ತುಕೊಂಡು ಕೂತದ್ದು. ನಾಚಿಕೆಯಿಂದ ನರ್ಸಮ್ಮ ಕನ್ನಡಿಯಲ್ಲಿ ತನ್ನ ಮುಖವನ್ನೂ ನೋಡಿಕೊಳ್ಳಲಿಲ್ಲ.

ಬುಧವಾರ ಬೆಳಿಗ್ಗೆ ಮೀಸೆ ಮೇಷ್ಟ್ರಿಗೆ ಫೋನು ಮಾಡಿದಳು. ಕೋಣೆಯನ್ನು ನೋಡಿಕೊಳ್ಳುವವರು ಅವರೇ. ಅವರ ಗೊಂಬೆಗೆ ಹಿಡಿ ತುಂಬ ಮೀಸೆ. ನಿಜದಲ್ಲಿ ಅವರಿಗೆ ಮೀಸೆಯ ಒಂದು ಕೂದಲೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ತಮಾಷೆ. ಇವತ್ತು ತಮಾಷೆಗೆ ಜಾಗ ಇರಲಿಲ್ಲ. ಅವರು ಎಲ್ಲ ಕೇಳಿಸಿಕೊಂಡರು.

"ಬರೋಕಾಗಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ನರ್ಸಮ್ಮ. ರಜೆ ಅಂತ ಬೋರ್ಡು ಹಾಕ್ತಿದ್ದೆ. ದೀಪ ಹಾಗೇ ಇರ್ತಿತ್ತು."

ನರ್ಸಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಆಸ್ಪತ್ರೇಲಾದ್ರೆ ಜನ ನಿಮ್ಮ ಮುಖ ನೋಡ್ತಾರೆ, ನಿಮ್ಮ ಕೈ ನೋಡ್ತಾರೆ," ಎಂದರು ಮೇಷ್ಟ್ರು. "ಇಲ್ಲಿ ಅದ್ಯಾವುದೂ ಇಲ್ಲ. ದೀಪ ಒಂದೇ. ಹೊಸಬರು ಬಂದ್ರೆ ಯಾರ ದೀಪ ಜಾಸ್ತಿ ಇದೆಯೋ ಅವರ ಹತ್ರ ಓಡ್ತಾರೆ. ಒಳಗೆ ಯಾರು ನಿಂತಿದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದನ್ನ ಬೆಳಗಿಸಿದ್ದು ಆ ನಲವತ್ತಮೂರು ಜನ. ಕೊಟ್ಟಿದ್ದು ನಿಮಗೆ, ನಿಮ್ಮ ಮನೆಯವರಿಗಲ್ಲ."

"ನೀವೇ ಒಂದು ನೋಟಿಸು ಹಾಕಿಬಿಡಿ ಮೇಷ್ಟ್ರೇ. ನನಗೆ ಅಲ್ಲಿ ಬಂದು ನಿಲ್ಲೋಕೆ ಮುಖ ಇಲ್ಲ."

"ಹಾಕ್ತೀನಿ. ಅದರಿಂದ ಕೋಣೆಗೆ ಗೊತ್ತಾಗುತ್ತೆ. ಆದ್ರೆ ಗುಬ್ಬಿಗೆ ನೀವೇ ಹೇಳಬೇಕು."

ಗುರುವಾರ ನಾಲ್ಕು ಗಂಟೆಗೆ ನರ್ಸಮ್ಮ ಕೋಣೆಯ ನಡುವೆ ನಿಂತಳು. ಗುಬ್ಬಿ ಎದುರಿಗಿದ್ದಳು. ಹೇಳಬೇಕಾದದ್ದನ್ನು ನರ್ಸಮ್ಮ ಕಾಗದದ ಮೇಲೆ ಬರೆದುಕೊಂಡಿದ್ದಳು, ಆದರೆ ಹೆಡ್‌ಸೆಟ್ ಹಾಕಿಕೊಂಡ ಮೇಲೆ ಕಾಗದ ಎಲ್ಲಿ ಕಾಣಬೇಕು?

"ಹೋದ ಗುರುವಾರ ಇಲ್ಲಿ ಇದ್ದದ್ದು ನಾನಲ್ಲ. ನನ್ನ ತಂಗಿ. ಅವಳಿಗೆ ಈ ಕೆಲಸ ಗೊತ್ತಿಲ್ಲ. ಮಲಗಿದ್ದ ಹಾಗೇ ನೀರು ಕುಡಿಸಲೇಬಾರದು. ದೀಪ ಮಂಕಾಗುತ್ತೆ ಅಂತ ನಾನೇ ಅವಳನ್ನ ನಿಲ್ಲಿಸಿದ್ದೆ. ಸೋಮವಾರ ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಗುಬ್ಬಿ, ನಿನ್ನ ಮುಂದೆ ನಿಂತಿದ್ದೇನೆ, ನನಗೆ ತುಂಬಾ ನಾಚಿಕೆಯಾಗ್ತಿದೆ."

ಆಮೇಲೆ ಗುಬ್ಬಿಯ ಸಣ್ಣ ದನಿ ಬಂತು. "ಹಾಗಾದ್ರೆ ನಾನು ಚಮಚ ಸರಿಯಾಗೇ ಹಿಡಿದಿದ್ದೆನಾ?"

"ಸರಿಯಾಗೇ ಹಿಡಿದಿದ್ದೆ ಮಗಳೇ. ನಿನ್ನದೇನೂ ತಪ್ಪಿಲ್ಲ."

ಗುಬ್ಬಿ ಅಳುತ್ತಿದ್ದಳೋ ಏನೋ, ಗೊಂಬೆಯ ಮುಖದಲ್ಲಿ ಅದು ಕಾಣುವುದಿಲ್ಲ. ತಾನು ಒತ್ತಿದ್ದನ್ನು ಹಿಂತೆಗೆದುಕೊಂಡು ಅವಳು ಕೋಣೆಯಿಂದ ಹೋದಳು. ಉಳಿದ ಬೆಳಕನ್ನು ನರ್ಸಮ್ಮನೇ ಮೇಷ್ಟ್ರಿಗೆ ಹೇಳಿ ಆರಿಸಿದಳು.

ಹೆಡ್‌ಸೆಟ್ ತೆಗೆದಾಗ ತಂಗಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕಣ್ಣು ಕೆಂಪಾಗಿತ್ತು.

"ಅಕ್ಕ, ನನ್ನ ಅಂಗಡೀಲಿ ಜನ ಗುರುತಿನ ಚೀಟಿ ಮರೆತು ಹೋಗ್ತಾರೆ. ಅವರ ಸ್ವಂತ ಅಣ್ಣ ಬಂದು ಕೇಳಿದ್ರೂ ನಾನು ಕೊಡಲ್ಲ, ಅವರೇ ಬರಲಿ ಅಂತೀನಿ. ನಿನ್ನದನ್ನ ಮಾತ್ರ ತಮಾಷೆ ಅಂತ ತಲೆಗೆ ಹಾಕ್ಕೊಂಡೆ." ಹತ್ತಿರ ಬಂದು ಕೇಳಿದಳು, "ಆ ಹುಡುಗಿ ಹತ್ರ ನಾನೂ ಕ್ಷಮೆ ಕೇಳಬೇಕು. ನನ್ನ ಹೆಸರಲ್ಲೇ ಒಳಗೆ ಹೋಗೋದು ಹೇಗೆ?"

ಮೇಷ್ಟ್ರು ಅವಳಿಗೆ ಬೇರೆ ಪಿನ್ ಕೊಟ್ಟರು. ನರ್ಸಮ್ಮ ತನ್ನ ಪಿನ್ ಬದಲಿಸಿದಳು. ಹೆಡ್‌ಸೆಟ್ ಈಗಲೂ ಮನೆಗೆ ಒಂದೇ, ಒಳಗೆ ಹೋಗುವ ಹೆಸರು ಮಾತ್ರ ಎರಡು. ತಂಗಿ ಕ್ಷಮೆ ಕೇಳಿದಳು. ಗುಬ್ಬಿ ಹೂಂ ಎಂದಳು, ಅಷ್ಟೇ. ನರ್ಸಮ್ಮ ಪ್ರತಿ ವಾರ ದೀಪವಿಲ್ಲದೆ ಹೋಗಿ, ಹೊಸಬರು ಕೂರುವ ಬೆಂಚಿನಲ್ಲಿ ಕೂರುತ್ತಿದ್ದಳು. ಹೊಸಬರು ಅವಳನ್ನು ದಾಟಿಕೊಂಡು ಬೆಳಕಿದ್ದವರ ಕಡೆ ಹೋಗುತ್ತಿದ್ದರು. ಪ್ರತಿ ಸಲವೂ ಅವಳ ಕಿವಿ ಬಿಸಿಯಾಗುತ್ತಿತ್ತು. ಇದು ನನಗೆ ಆಗಬೇಕಾದದ್ದೇ ಎಂದುಕೊಂಡು ಕೂರುತ್ತಿದ್ದಳು.

ಆರನೆಯ ವಾರ ಗುಬ್ಬಿ ಬೆಂಚಿನ ಹತ್ತಿರ ಬಂದಳು.

"ಇದು ನೀವೇನಾ?"

"ನಾನೇ ಕಣಮ್ಮ."

"ಮೊದಲನೇ ದಿನ ನನಗೆ ಏನು ಹೇಳಿದ್ರಿ?"

"ಉಗುರು ಕತ್ತರಿಸ್ಕೋ, ಅಪ್ಪನ ಬೆನ್ನಿಗೆ ಗೀರುತ್ತೆ ಅಂದಿದ್ದೆ. ನಿನಗೆ ಸಿಟ್ಟು ಬಂದಿತ್ತು."

ಗುಬ್ಬಿ ಪಕ್ಕದಲ್ಲಿ ಕೂತಳು. "ಅಪ್ಪನ ಹಿಮ್ಮಡಿ ಕೆಂಪಾಗಿದೆ. ಏನು ಮಾಡ್ಲಿ?"

ನರ್ಸಮ್ಮ ಹೇಳಿದಳು. ಕೊನೆಯಲ್ಲಿ, "ನನ್ನ ಮಾತೇ ಕೊನೆ ಅಂದ್ಕೋಬೇಡ. ನಿಮ್ಮ ಡಾಕ್ಟರಿಗೂ ಒಮ್ಮೆ ತೋರಿಸು," ಎಂದಳು. ಗುಬ್ಬಿ ಗುಂಡಿ ಒತ್ತಲಿಲ್ಲ. ಒತ್ತು ಎಂದು ನರ್ಸಮ್ಮನೂ ಕೇಳಲಿಲ್ಲ.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ಕೋಣೆಗಳು ಈಗ ನಮ್ಮ ನಿಮ್ಮ ಮನೆಯೊಳಗೂ ಬರುತ್ತಿವೆ. ಹೆಡ್‌ಸೆಟ್ಟನ್ನು ಬೇಕಾದರೆ ಮನೆಮಂದಿಯೆಲ್ಲ ಹಾಕಿಕೊಳ್ಳಿ, ಆದರೆ ಒಳಗೆ ಪ್ರತಿಯೊಬ್ಬರೂ ಅವರವರ ಹೆಸರಿನಲ್ಲೇ ಹೋಗಿ. ನಿಮ್ಮ ಪಿನ್ನನ್ನು ಒಡಹುಟ್ಟಿದವರಿಗೂ ಕೊಡಬೇಡಿ. ಅಲ್ಲಿ ಯಾರ ದೀಪ ಎಷ್ಟೇ ಬೆಳಗಿದರೂ, ಜೀವದ ಮಾತು ಬಂದಾಗ ಗುಬ್ಬಿಯ ಹಾಗೆ ಒಮ್ಮೆ ಕೇಳಿ, ಇದು ನೀವೇನಾ ಎಂದು. ಕೇಳಿಸಿಕೊಂಡವರು ಸಿಟ್ಟಾಗಬೇಡಿ. ಅಕಸ್ಮಾತ್ ನಿಮ್ಮ ಹೆಸರಿನಲ್ಲಿ ತಪ್ಪು ನಡೆದುಹೋಗಿದ್ದರೆ, ಕೋಣೆ ನೋಡಿಕೊಳ್ಳುವವರಿಗೆ ಈಗಲೇ ಹೇಳಿ, ಎರಡು ದಿನ ಕಾಯಬೇಡಿ. ನರ್ಸಮ್ಮ ಕಾದಳು. ಆ ಎರಡು ದಿನ ಒಂದು ಹುಡುಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತಾನು ಚಮಚ ಹಿಡಿದ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.