ಸಿಕ್ಕವರು ಕಚೇರಿಗೆ ತಲುಪಿಸಿ

ಹೆಣವನ್ನು ಮಂಚದಿಂದ ಇಳಿಸುವಾಗ ದೋಣಿಯವನ ಕಾಲು ತಾಗಿ ಮಂಚದಡಿಯ ಗೋಣಿಚೀಲ ಮಗುಚಿಕೊಂಡಿತು. ಡಾಂಬರು, ಕೊಳೆತ ಪಾಚಿ, ಇನ್ನೂ ಏನೇನೋ ಹೇಸಿಗೆಯ ನಾತ ಗಪ್ಪೆಂದು ಮೂಗಿಗೆ ಹೊಡೆಯಿತು. ದೋಣಿಯವನು ಮುಖ ಕಿವುಚಿದ.

“ಏನತ್ತಿಗೆ ಇದು, ಇಷ್ಟು ನಾತ?”

“ನಿಮ್ಮಣ್ಣನ ಗಂಟು. ಹದಿನಾರು ವರ್ಷದಿಂದ ಇದರ ಮೇಲೇ ಮಲಗಿದ್ದೀನಿ,” ಎಂದಳು ಸತ್ತವನ ಹೆಂಡತಿ. “ಮೊದಲು ಅವರನ್ನ ಹೊರಗೆ ಮಲಗಿಸಿ.”

ಸತ್ತವನನ್ನು ಬಂದರಿನವರೆಲ್ಲ ಉಪ್ಪಣ್ಣ ಎನ್ನುತ್ತಿದ್ದರು. ಕಡಲು ಅಳೆಯುವ ಕಚೇರಿಯಲ್ಲಿ ಮೂವತ್ತೊಂದು ವರ್ಷ ನೀರು ಮೊಗೆದು, ಅದರಲ್ಲಿ ಉಪ್ಪೆಷ್ಟು, ಬಿಸಿಯೆಷ್ಟು ಎಂದು ಬರೆದಿಡುವುದೇ ಅವನ ಕೆಲಸವಾಗಿತ್ತು. ನಿನ್ನೆ ಸಂಜೆ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದವನು ಹಾಗೇ ಕುಸಿದುಬಿಟ್ಟ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವ ಮನುಷ್ಯ. ಬೆರಳುಗಳೆಲ್ಲ ಸೋಪಿಗೆ ಬಿರುಕು ಬಿಟ್ಟಿದ್ದವು. ಆ ಕೈಗಳನ್ನು ಎದೆಯ ಮೇಲೆ ಜೋಡಿಸುವಾಗಲೂ ಅವಳಿಗೆ ಅಳು ಬರಲಿಲ್ಲ.

*

ಹದಿನಾರು ವರ್ಷದ ಹಿಂದೆ, ಕಾರ್ಖಾನೆಯ ಕೊಳಚೆಯನ್ನು ಕಡಲಿಗೆ ಬಿಡಲು ಪೈಪು ಹಾಕುವ ಮಾತೆದ್ದಿತು. ಕೊಳಚೆ ಎಲ್ಲಿಗೆ ಹೋಗುತ್ತದೆಂದು ನೋಡುವ ಕೆಲಸ ಉಪ್ಪಣ್ಣನ ತಲೆಗೆ ಬಂತು. ಅವನು ಅಂಗೈಯಗಲದ ಮುನ್ನೂರು ಮರದ ತುಂಡುಗಳಿಗೆ ಹಳದಿ ಬಳಿದು, ನಂಬರು ಹಾಕಿ, ‘ಸಿಕ್ಕವರು ಕಚೇರಿಗೆ ತಲುಪಿಸಿ’ ಎಂದು ಬರೆದ. ಪೈಪಿನ ಬಾಯಿ ಬರಬೇಕಾದ ಜಾಗದಲ್ಲಿ ಅವನ್ನು ದೋಣಿಯಿಂದ ನೀರಿಗೆ ಬಿಟ್ಟ.

“ತೇಲಿ ಹೋಗಲ್ವಾ?” ಎಂದು ಹೆಂಡತಿ ಊಟದ ಹೊತ್ತಿನಲ್ಲಿ ಕೇಳಿದ್ದಳು.

“ಎಲ್ಲಿಗೆ ಹೋಗುತ್ತೆ? ನಮ್ಮ ದಡದ ಕಡಲಿಗೆ ಆಳ ಇಲ್ಲ ಕಣೇ, ಜಗಲಿ ಇದ್ದ ಹಾಗೆ. ಜಗಲಿ ಮುಗಿದಲ್ಲಿ ದಿಢೀರಂತ ಆಳ. ಅಲ್ಲಿ ಹೊರಗಡಲಿನ ದೊಡ್ಡ ಪ್ರವಾಹ ಬೀದಿ ಥರ ಹೋಗ್ತಾ ಇರುತ್ತೆ. ಬೀದೀಲಿ ಎಷ್ಟು ಗಾಡಿ ಓಡಿದ್ರೇನು, ಜಗಲಿ ಕಸ ತಾನಾಗೇ ಹೋಗುತ್ತಾ? ಯಾವಾಗಲೋ ಗಾಳಿ ಸರಿಯಾಗಿ ಬೀಸಿದಾಗ ಅಲ್ಲಿನ ನೀರು ಒಂದಿಷ್ಟು ಒಳಗೆ, ಇಲ್ಲಿಂದು ಒಂದಿಷ್ಟು ಹೊರಗೆ. ಮಿಕ್ಕ ದಿನವೆಲ್ಲ ಇಲ್ಲೇ ಗಿರಕಿ.”

ಹನ್ನೊಂದನೇ ದಿನದಿಂದ ತುಂಡುಗಳು ಕಡಲಿನ ಡಾಂಬರು, ಪಾಚಿ ಮೆತ್ತಿಕೊಂಡು ಒಂದೊಂದಾಗಿ ದಡಕ್ಕೆ ಬಂದವು. ಉಪ್ಪಣ್ಣ ಬೆಳಗೂ ಬೈಗೂ ಸುತ್ತಿ ಇನ್ನೂರ ಎಪ್ಪತ್ತನ್ನು ಆರಿಸಿದ. ಪ್ರತಿಯೊಂದರ ಬೆನ್ನಿಗೂ ಸಿಕ್ಕ ಜಾಗ, ಸಿಕ್ಕ ದಿನ ಬರೆದು, ಗೋಣಿಚೀಲಕ್ಕೆ ತುಂಬಿ, ಕಚೇರಿಯ ನಿರ್ದೇಶಕರ ಮೇಜಿನ ಪಕ್ಕ ಇಳಿಸಿದ. ಅವರು ಚೀಲದ ಬಾಯಿ ಕೂಡ ಬಿಚ್ಚಲಿಲ್ಲ.

“ನೀನೇ ಬಿಟ್ಟು ನೀನೇ ಆರಿಸಿಕೊಂಡು ಬಂದ್ರೆ ಹೇಗಯ್ಯಾ? ಸಾರ್ವಜನಿಕರು ತಂದುಕೊಟ್ಟರೆ ಮಾತ್ರ ಸಿಕ್ಕಿದ ಹಾಗೆ. ನಿಯಮ ಅದು.”

ಸಾರ್ವಜನಿಕರು ತಂದುಕೊಟ್ಟಿದ್ದು ನಾಲ್ಕೇ ನಾಲ್ಕು. ಉಳಿದವೆಲ್ಲ ಪ್ರವಾಹಕ್ಕೆ ಸೇರಿ ಹೊರಗಡಲಿಗೆ ಹೋದವು ಎಂದು ವರದಿ ತಯಾರಾಯಿತು. ಉಪ್ಪಣ್ಣ ಅದರ ಕೆಳಗೆ ರುಜು ಹಾಕಿದ. ಚೀಲವನ್ನು ಹೊತ್ತು ಮನೆಗೆ ಬಂದು ಕೈ ತೊಳೆದ.

“ರುಜು ಹಾಕಲ್ಲ ಅನ್ನಬಹುದಿತ್ತಲ್ಲ?” ಎಂದಳು ಹೆಂಡತಿ.

“ನೀರು ಅಳೆಯೋದಷ್ಟೇ ನನ್ನ ಕೆಲಸ,” ಎಂದು ಅವನು ಚೀಲವನ್ನು ಮಂಚದಡಿಗೆ ತಳ್ಳಿದ. ಅಂದು ಅವಳಿಗೆ ಗಂಡನ ಮೇಲೆ ಹುಟ್ಟಿದ ಹೇಸಿಗೆ ಮತ್ತೆ ಹೋಗಲಿಲ್ಲ. ಅದನ್ನು ಅವಳು ಅವನಿಂದ ಮುಚ್ಚಿಡಲೂ ಇಲ್ಲ.

*

ಮನೆಯ ಮುಂದೆ ಬಂದರಿನವರು ನೆರೆದಿದ್ದರು. ಎದುರಿಗೇ ಕಡಲು. ಪೈಪು ಬಂದಾಗಿನಿಂದ ದಡದುದ್ದಕ್ಕೂ ಕಂದು ನೊರೆ ಗಂಜಿ ಉಕ್ಕಿದಂತೆ ಕಟ್ಟಿಕೊಂಡಿತ್ತು. ನಿಂತವರಲ್ಲಿ ಅರ್ಧ ಜನ ಮಾತಾಡುತ್ತಲೇ ಮೊಣಕೈ, ಮೀನಖಂಡ ತುರಿಸಿಕೊಳ್ಳುತ್ತಿದ್ದರು. ಆ ನೀರಿಗಿಳಿದವರಿಗೆಲ್ಲ ಈ ತುರಿಕೆ ತಪ್ಪಿದ್ದಲ್ಲ. ಆಗ ಕಾರು ಬಂತು. ನಿವೃತ್ತರಾದರೂ ನಿರ್ದೇಶಕರು ಎಂದೇ ಕರೆಸಿಕೊಳ್ಳುವವರು ಇಳಿದು, ಅತ್ತರಿನ ಕರವಸ್ತ್ರ ಮೂಗಿಗೊತ್ತಿಕೊಂಡು, ಹೂವಿನ ಹಾರವನ್ನು ಹೆಣದ ಕಾಲ ಬಳಿ ಎಸೆದರು. ಇಟ್ಟರು ಎನ್ನಬೇಕು, ಆದರೆ ಎಸೆದರು.

“ಸಮುದ್ರದಂಥ ಮನುಷ್ಯ. ಒಂದು ದಿನವೂ ಎದುರು ಮಾತಾಡಲಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕುರ್ಚಿಯಲ್ಲಿ ಕೂತು, ಹೆಂಡತಿಯತ್ತ ಬಾಗಿದರು. “ಧೈರ್ಯ ತಗೋಬೇಕಮ್ಮ. ಆಮೇಲೆ... ಕಚೇರಿಯ ಒಂದು ಹಳೇ ಚೀಲ ಮನೇಲಿ ಇರಬೇಕಲ್ಲ?”

“ಇದೆ.”

“ಗಾಡಿ ಹೇಗೂ ತಂದಿದ್ದೀನಿ, ತಗೊಂಡು ಹೋಗಿಬಿಡ್ತೀನಿ. ನಾಡಿದ್ದು ಎರಡನೇ ಪೈಪಿನ ಸಭೆ. ಹಳೇ ವರದಿ ಮೇಲೇ ತೀರ್ಮಾನ ಆಗೋದು. ಸುಮ್ಮನೆ ಯಾರದೋ ಕಣ್ಣಿಗೆ ಬಿದ್ದು ಗೊಂದಲ ಬೇಡ ನೋಡಿ.”

ಹೆಣ ಇನ್ನೂ ಮನೆ ಬಿಟ್ಟಿರಲಿಲ್ಲ. ಅವಳು ಎದ್ದು ಒಳಗೆ ಹೋದಳು. ಕೊಟ್ಟುಬಿಡುವುದೆಂದೇ ಹೋದದ್ದು. ಈ ಮನೆಯಿಂದ ಆ ನಾತ ತೊಲಗಿದರೆ ಸಾಕಾಗಿತ್ತು.

ಚೆಲ್ಲಿದ್ದನ್ನು ಚೀಲಕ್ಕೆ ತುಂಬುವಾಗ ಒಂದು ತುಂಡು ಕೈಯಲ್ಲಿ ಮಗುಚಿತು. ‘ಪೈಪಿನ ಜಾಗದ ಎದುರು ದಡ, ಹನ್ನೊಂದನೇ ದಿನ.’ ಹದಿನಾರು ವರ್ಷದ ಹಿಂದಿನ ಬರಹ ಅಲ್ಲ ಅದು, ಶಾಯಿ ಹೊಸದಾಗಿತ್ತು. ಇನ್ನೊಂದನ್ನು ತಿರುಗಿಸಿದಳು, ಮತ್ತೊಂದನ್ನು ತಿರುಗಿಸಿದಳು. ಮಾಸಿದಾಗಲೆಲ್ಲ ಉಪ್ಪಣ್ಣ ಅಕ್ಷರದ ಮೇಲೆ ಅಕ್ಷರ ತಿದ್ದಿದ್ದ. ಅವಳು ಮನೆಯಲ್ಲಿಲ್ಲದಾಗ, ಈ ಮಂಚದ ಮೇಲೆ ಕೂತು, ಇನ್ನೂರ ಎಪ್ಪತ್ತನ್ನೂ.

“ಅಯ್ಯೋ ಹೇಡಿ,” ಎಂದಳು. “ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?” ಈಗ ಅಳು ಬಂತು.

ಸೆರಗಿನಲ್ಲಿ ಮುಖ ಒರೆಸಿಕೊಂಡು ದೋಣಿಯವನನ್ನು ಕರೆದಳು. “ತಮ್ಮಾ, ಈ ಚೀಲ ಹೊರಗೆ ತಗೊಂಡು ಹೋಗಿ, ಬಂದೋರಿಗೆಲ್ಲ ಹಂಚು. ಒಂದೊಂದು ಕೈಗೂ ಹಿಡಿದಷ್ಟು ಕೊಡು.”

“ಏನಂತ ಹೇಳಲಿ ಅತ್ತಿಗೆ?”

“ಏನೂ ಹೇಳಬೇಡ. ಅದರ ಮೇಲೇ ಬರೆದಿದೆ.”

ಜನ ತುಂಡುಗಳನ್ನು ತಿರುಗಿಸಿ ಓದಿದರು, ಓದು ಬಾರದವರಿಗೆ ಪಕ್ಕದವರು ಓದಿ ಹೇಳಿದರು. ಕೊನೆಗೆ ಮೀನು ಮಾರುವ ಮುದುಕಿ ಮುಂದೆ ಬಂದು ನಿರ್ದೇಶಕರ ತೊಡೆಯ ಮೇಲೆ ತನ್ನ ತುಂಡನ್ನಿಟ್ಟಳು.

“ನಮ್ಮ ದಡದಲ್ಲಿ ಸಿಕ್ಕಿದ್ದಂತೆ ಸಾಮಿ. ಕಚೇರಿಗೆ ತಲುಪಿಸಿ ಅಂತ ಬರೆದೈತಂತೆ.”

“ಏಯ್, ಏನಿದು, ತೆಗೀರಿ! ಏನಮ್ಮಾ ಇದೆಲ್ಲ?”

“ನಿಯಮ ಸಾರ್,” ಎಂದಳು ಹೆಂಡತಿ. “ಇವರು ಸಾರ್ವಜನಿಕರು.”

ಮುದುಕಿಯ ಹಿಂದೆ ದೋಣಿಯವನು ನಿಂತ. ಅವನ ಹಿಂದೆ ಬಲೆ ಹೆಣೆಯುವವರು, ಐಸು ಹೊರುವವರು, ಕೈಯಲ್ಲಿ ತುರಿಕೆಯ ಕಲೆಯಿದ್ದ ಅವರ ಹೆಂಡಿರು. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರೂ ತುಂಡಿನ ಬೆನ್ನ ಮೇಲಿದ್ದ ಜಾಗವನ್ನೂ ದಿನವನ್ನೂ ಗಟ್ಟಿಯಾಗಿ ಹೇಳಿ, ಇಟ್ಟು, ಹೆಣಕ್ಕೆ ಕೈಮುಗಿದು ಸರಿದರು. ತೊಡೆ ತುಂಬಿ, ತುಂಡುಗಳು ಕಾಲಡಿಗೆ ಉರುಳಿದವು. ನಿರ್ದೇಶಕರು ತಳ್ಳಿದಷ್ಟೂ ಡಾಂಬರು ಅಂಗೈಗೆ, ಬಿಳಿ ಅಂಗಿಗೆ, ಅತ್ತರಿನ ಕರವಸ್ತ್ರಕ್ಕೆ ಮೆತ್ತಿಕೊಂಡಿತು. ಎರಡೂ ಕೈಗಳನ್ನು ಮೈಗೆ ತಾಗದಂತೆ ಎತ್ತಿಹಿಡಿದು ಅವರು ಸುತ್ತ ನೋಡಿದರು.

“ಕೈ ತೊಳೆಯೋಕೆ... ಸ್ವಲ್ಪ ನೀರಾದರೂ...”

ಹೆಂಡತಿ ಬಚ್ಚಲಿಗೆ ಹೋಗಿ ಬಂದಳು. ಉಪ್ಪಣ್ಣನ ಕೈಯಲ್ಲಿ ಸವೆದು ಉಗುರಿನಷ್ಟು ತೆಳ್ಳಗಾಗಿದ್ದ ಸೋಪಿನ ಚೂರನ್ನು ಅವರ ತೊಡೆಯ ಮೇಲಿನ ಹಳದಿ ರಾಶಿಯ ತುದಿಗಿಟ್ಟು, ಎದುರಿನ ಕಂದು ನೊರೆಯತ್ತ ಕೈ ತೋರಿಸಿದಳು.