ಕೆಂಪು ಕನ್ನಡಕದ ಚಲುವಯ್ಯನವರು

ನಡುಹಗಲಿನ ಬಿಸಿಲಿನಲ್ಲಿ ಕಡುಗೆಂಪು ಗಾಜಿನ ಕನ್ನಡಕ ಧರಿಸಿ, ಎದೆಯನ್ನು ಮುಂದಕ್ಕೆ ಚಾಚಿ, ಬೆತ್ತವನ್ನು ಕಂಕುಳಲ್ಲಿ ಇರುಕಿಕೊಂಡು, ಬ್ಲಾಕ್‌ಪಳ್ಳಿಯ ಮಾರುಕಟ್ಟೆಯ ನೂಕುನುಗ್ಗಲಿನ ನಡುವೆ ಯಾರನ್ನೂ ತಾಗದೆ, ಯಾರಿಂದಲೂ ತಾಗಿಸಿಕೊಳ್ಳದೆ ನಡೆದುಹೋಗುತ್ತಿದ್ದ ಡಾಕ್ಟರ್ ಚಲುವಯ್ಯನವರನ್ನು ಯುದ್ಧಕಾಲದ ದಂಡುಪ್ರದೇಶದಲ್ಲಿ ಬದುಕಿದ್ದ ಯಾರೂ ಮರೆತಿರಲಾರರು. ಈಗ ಶಿವಾಜಿನಗರವೆಂದು ಕರೆಯುವ ಆ ಬೀದಿಗಳಲ್ಲಿ ಅವರಿಗೆ ‘ಲಾಲ್ ಚಷ್ಮಾ ಡಾಕ್ಟರ್’ ಎಂದೇ ಹೆಸರು. ಕಣ್ಣುಬೇನೆ ಇರಬೇಕೆಂದು ಕೆಲವರು, ಬರೀ ಶೋಕಿಯೆಂದು ಹಲವರು ಹೇಳುತ್ತಿದ್ದರು. ನಾನು ಎರಡನೆಯ ಪಕ್ಷದವನಾಗಿದ್ದೆ, ಪೂರ್ತಿ ತಪ್ಪೂ ಆಗಿರಲಿಲ್ಲ.

ಕನ್ನಡಕಕ್ಕೆ ಕಾರಣವಿತ್ತು. ಅವರು ಎಕ್ಸ್‌ರೇ ವೈದ್ಯರು. ಗಂಟಲಿನೊಳಗಣ ಗಡ್ಡೆಯನ್ನು ಕಾಣಬೇಕಾದರೆ ರೋಗಿಗೆ ಸುಣ್ಣದ ನೀರಿನಂಥ ಬಿಳಿಯ ಗಂಜಿಯನ್ನು ಕುಡಿಸಿ, ಅದು ಇಳಿಯುವ ನೆರಳನ್ನು ಕತ್ತಲೆಯ ಕೋಣೆಯಲ್ಲಿ ಮಂಕು ಹಸುರು ಪರದೆಯ ಮೇಲೆ ನೋಡಬೇಕಿತ್ತು. ಬಿಸಿಲಿನಿಂದ ಬಂದ ಕಣ್ಣಿಗೆ ಆ ಪರದೆಯ ಮೇಲೆ ಏನೂ ಕಾಣದು. ಬಹಳ ಹೊತ್ತು ಕತ್ತಲಲ್ಲಿ ಕೂತು ಹದಗೊಂಡ ಕಣ್ಣಿಗೆ ಮಾತ್ರ ಕಾಣುತ್ತದೆ. ಕೆಂಪು ಗಾಜು ಹಾಕಿಕೊಂಡರೆ ಬೆಳಕಿನಲ್ಲಿ ಓಡಾಡುತ್ತಲೇ ಕಣ್ಣು ಕತ್ತಲೆಗೆ ಒಗ್ಗುತ್ತದೆ. ಉಳಿದ ವೈದ್ಯರು ಅದನ್ನು ಕೋಣೆಯ ಬಾಗಿಲಲ್ಲಿ ಹಾಕಿಕೊಂಡು ಅಲ್ಲಿಯೇ ಕಳಚುತ್ತಿದ್ದರು. ಇವರು ಮಾತ್ರ ಮನೆಯಿಂದಲೇ ಹಾಕಿಕೊಂಡು ಹೊರಟು, ಸಂಜೆ ಮನೆಗೆ ಬಂದ ಮೇಲೆ ತೆಗೆಯುತ್ತಿದ್ದರು.

ಅವರ ತಂದೆ ದಂಡಿನ ಕುದುರೆಲಾಯದಲ್ಲಿ ಲದ್ದಿ ಬಾಚಿದವರು. ಹಲಸೂರಿನ ಹೋಟೆಲುಗಳಲ್ಲಿ ಅಪ್ಪನಿಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಹೊಯ್ದು ಕೊಟ್ಟವರೇ, ಮದರಾಸಿನಲ್ಲಿ ಓದಿ ಬಂದ ಮಗ ಎದುರಾದರೆ ಎದ್ದು ನಿಲ್ಲುತ್ತಿದ್ದರು. ಕೊರಳಿನವರೆಗೆ ಗುಂಡಿ ಹಾಕಿದ, ಗಂಜಿ ಕೊಟ್ಟ ಕೋಟು, ಮುಖದ ಮೇಲೆ ಯಾರಿಗೂ ದಾಟಲಾಗದ ಕೆಂಪು ಗಾಜು, ಯಾವ ಸಂಶಯಕ್ಕೂ ಸಿದ್ಧವಾಗಿದ್ದ ಒಂದೇ ಉತ್ತರ: “ನೆರಳು ಸುಳ್ಳು ಹೇಳೋದಿಲ್ಲ ರೀ.” ಆ ಠೀವಿಯನ್ನು ನಾನು ಎಷ್ಟು ಗೇಲಿ ಮಾಡಿದರೂ, ಅವರ ಜಾಗದಲ್ಲಿದ್ದಿದ್ದರೆ ನಾನೂ ಹಾಗೆಯೇ ನಡೆಯುತ್ತಿದ್ದೆನೋ ಏನೋ.

ಹಲಸೂರಿನ ನಮ್ಮ ಮನೆಗೆ ಬಿನ್ನಮಂಗಲದಿಂದ ಹಾಲು ತರುತ್ತಿದ್ದವಳು ದೊಡ್ಡಮುನಿಯಮ್ಮ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪುಗಳ ಉಂಡೆಯನ್ನು ಎಡಗೆನ್ನೆಯ ಸಂದಿನಲ್ಲಿ ಒತ್ತಿಕೊಳ್ಳದೆ ಅವಳು ನಿದ್ದೆ ಕೂಡ ಮಾಡಿದವಳಲ್ಲ. ಆ ಸಂದಿನಲ್ಲೇ ವಾಸಿಯಾಗದ ಹುಣ್ಣೊಂದು ಎದ್ದಿತು. ಕ್ಯಾನ್ಸರ್ ಎಂದು ಶಸ್ತ್ರವೈದ್ಯರು ಹೇಳಿ, ಎಕ್ಸ್‌ರೇಗೆ ಕಳಿಸಿದರು. ರೋಗ ಕೆನ್ನೆಯಲ್ಲೇ ನಿಂತಿದೆಯೋ, ದವಡೆಯ ಮೂಳೆಯನ್ನು ಹಿಡಿದಿದೆಯೋ ಎಂಬುದು ಅವರ ಪ್ರಶ್ನೆ. ಕೆನ್ನೆಯಲ್ಲೇ ಇದ್ದರೆ ಹುಣ್ಣನ್ನಷ್ಟೇ ಕತ್ತರಿಸಿ ತೆಗೆದರೆ ಸಾಕು. ಮೂಳೆಗೆ ಹೋಗಿದ್ದರೆ ದವಡೆಯನ್ನೇ ತೆಗೆಯಬೇಕು, ತೆಗೆಯದೆ ಬಿಟ್ಟರೆ ಜೀವ ಉಳಿಯದು. ಅವಳ ಪ್ರಾಣ ಆ ಒಂದು ಚಿತ್ರದ ಮೇಲೆ ನಿಂತಿತ್ತು. ಗುರುತಿನವನೆಂದು ಜೊತೆಗೆ ಹೋದವನು ನಾನು.

ಚಲುವಯ್ಯನವರು ಅವಳ ಕೊರಳನ್ನು ಬೆರಳಿನಿಂದ ಒತ್ತಿ ನೋಡಿ, ಗಂಟುಗಳಿಲ್ಲವೆಂದು ತಲೆದೂಗಿದರು. ಯುದ್ಧದ ದೆಸೆಯಿಂದ ಫಿಲ್ಮು ದುರ್ಲಭವಾಗಿತ್ತು, ಒಂದು ಸಲಕ್ಕೆ ಒಬ್ಬರಿಗೆ ಒಂದೇ. ದವಡೆಯ ಚಿತ್ರ ತೆಗೆದು, ತೊಳೆದು, ಕಿಟಕಿಗೆ ಹಿಡಿದು, “ಮೂಳೆ ಚೆನ್ನಾಗಿ ಬೆಳ್ಳಗೆ ಗಟ್ಟಿಯಾಗಿದೆ. ರೋಗ ಮುಟ್ಟಿಲ್ಲ,” ಎಂದರು. ದೊಡ್ಡಮುನಿಯಮ್ಮ ಬಾಯಿ ಬಿಡದೆ ಕೈ ಮುಗಿದಳು. ಶಸ್ತ್ರವೈದ್ಯರು ಹುಣ್ಣನ್ನಷ್ಟೇ ತೆಗೆದರು, ಅವಳು ಮತ್ತೆ ಹಾಲು ತರಲು ಆರಂಭಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ದವಡೆ ಊದಿತು, ಕೊರಳಿನಲ್ಲಿ ನೆಲ್ಲಿಕಾಯಿಯಷ್ಟು ಗಂಟುಗಳೆದ್ದವು. ಮತ್ತೆ ಹೋದೆವು. ಈ ಸಲದ ಚಿತ್ರದಲ್ಲಿ ದವಡೆ ಗೆದ್ದಲು ತಿಂದ ತೊಲೆಯಂತಿತ್ತು. ಶಸ್ತ್ರವೈದ್ಯರು ನೋಡಿ, ಇನ್ನು ಕತ್ತಿ ಹಾಕಿ ಫಲವಿಲ್ಲವೆಂದು ಚಲುವಯ್ಯನವರಿಗೆ ತಿಳಿಸಿ ಹೊರಟುಹೋದರು. ಇಂಥ ಮಾತನ್ನು ಮನೆಯ ಗಂಡಸರನ್ನು ಹೊರಗೆ ಕರೆದು ಹೇಳುವುದು ಆಗಿನ ರೂಢಿ. ಚಲುವಯ್ಯನವರು ನನ್ನನ್ನು ಹೊರಗೆ ಕರೆಯಲು ಎದ್ದರು. ಅಷ್ಟರಲ್ಲಿ ದೊಡ್ಡಮುನಿಯಮ್ಮ, “ನನ್ ಕಾಯಿಲೆ ನಂಗೇ ಹೇಳಿ ಸಾಮಿ. ಆ ಕನ್ನಡಕ ತಗ್ದು, ಮಕ ನೋಡ್ಕೊಂಡು ಹೇಳಿ,” ಎಂದಳು.

ಅವರಿಗೆ ಹಾಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಏನನ್ನಿಸಿತೋ, ತೆಗೆದರು. ತೆಗೆದು ಅವಳ ಮುಖ ನೋಡಿದವರು ಅಲ್ಲೇ ನಿಂತುಬಿಟ್ಟರು. ತುಟಿ, ತುಟಿಯ ಅಂಚು, ಸೆರಗಿನ ತುದಿ ಎಲ್ಲವೂ ತಾಂಬೂಲದಿಂದ ಕೆಂಪಾಗಿದ್ದವು. ಎಡಗಡೆ ನೋವೆಂದು ಈಗ ಬಲಗೆನ್ನೆಯಲ್ಲಿ ಉಂಡೆಯಿತ್ತು. ಅವರು ಕನ್ನಡಕವನ್ನು ನನ್ನ ಕೈಗಿತ್ತು, “ಹಾಕಿ ನೋಡಿ,” ಎಂದರು. ಹಾಕಿಕೊಂಡು ನೋಡಿದೆ. ಕೆಂಪು ಗಾಜಿನ ಮೂಲಕ ಆ ಕೆಂಪು ಎಲ್ಲಿಯೂ ಇರಲಿಲ್ಲ. ಅಡಿಕೆ ಮುಟ್ಟದವಳ ತುಟಿಯಂತೆ ಅವಳ ತುಟಿ ಕಲೆಯಿಲ್ಲದೆ ಕಂಡಿತು.

“ಅವತ್ತೂ ಬಾಯಲ್ಲಿ ಇತ್ತೇನಮ್ಮ?” ಎಂದು ಚಲುವಯ್ಯನವರು ಅವಳನ್ನು ಕೇಳಿದರು.

“ಇತ್ತು ಸಾಮಿ. ಅಷ್ಟು ದೊಡ್ಡೋರ ಮುಂದೆ ಎಲ್ಲಿ ಉಗಿಯಾದು? ಕೆನ್ನೆ ಸಂದೀಲಿ ಒತ್ಕೊಂಡು ಸುಮ್ನೆ ಕುಂತಿದ್ದೆ.”

ಹಳೆಯ ಫಿಲ್ಮನ್ನು ತರಿಸಿ ಕಿಟಕಿಗೆ ಹಿಡಿದರು. ಗಟ್ಟಿ ಮೂಳೆಯೆಂದು ಅಂದು ಓದಿದ ಬಿಳುಪು ಮೂಳೆಯ ಅಂಚನ್ನು ದಾಟಿ ಒಂದಿಷ್ಟು ಆಚೆಗೂ ಹರಡಿತ್ತು. ಎಕ್ಸ್‌ರೇಗೆ ಸುಣ್ಣವೂ ಒಂದೇ, ಮೂಳೆಯೂ ಒಂದೇ. ಎರಡರ ನೆರಳೂ ಬಿಳಿ. ಕೆನ್ನೆಯಲ್ಲಿದ್ದ ಉಂಡೆಯ ಸುಣ್ಣ, ಹುಳುಕು ಹಿಡಿಯುತ್ತಿದ್ದ ದವಡೆಯ ಮೇಲೆ ಪರದೆ ಎಳೆದಿತ್ತು.

ಅವರು ಬಚ್ಚಿಡಬಹುದಿತ್ತು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ. ಸ್ಟೂಲು ಎಳೆದು ಅವಳ ಎದುರಿಗೆ ಕೂತು, ಇನ್ನು ಮಾಡಲು ಏನೂ ಉಳಿದಿಲ್ಲವೆಂದೂ, ಅಂದೇ ಸರಿಯಾಗಿ ಓದಿದ್ದರೆ ದವಡೆ ತೆಗೆದು ಉಳಿಸಿಕೊಳ್ಳಬಹುದಿತ್ತೇನೋ ಎಂದೂ, ತಪ್ಪು ತಮ್ಮದೆಂದೂ ಬಿಡಿಸಿ ಹೇಳಿದರು. ದೊಡ್ಡಮುನಿಯಮ್ಮ ಕೇಳಿಸಿಕೊಂಡು, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡಳು. ಬೈದಿದ್ದರೆ ನಮ್ಮಿಬ್ಬರಿಗೂ ಹಗುರವಾಗುತ್ತಿತ್ತು.

“ಒಂದ್ ಮಾತು ಕೇಳಿದ್ರೆ, ಹೊರಗೋಗಿ ಉಗಿದ್ ಬತ್ತಿದ್ದೆ,” ಎಂದಳು. ಅಷ್ಟೇ. ಸಂಕ್ರಾಂತಿ ಬರುವ ಮೊದಲೇ ಹೋಗಿಬಿಟ್ಟಳು.

ಆಮೇಲೆ ಬ್ಲಾಕ್‌ಪಳ್ಳಿಯ ಬೀದಿಯಲ್ಲಿ ಕೆಂಪು ಕನ್ನಡಕ ಕಾಣಲಿಲ್ಲ. ಬರಿಗಣ್ಣಿನಲ್ಲಿ ನಡೆದು ಬರುತ್ತಿದ್ದವರನ್ನು ಎಷ್ಟೋ ಜನ ಗುರುತಿಸಲಿಲ್ಲ. ನೆರಳಿನ ಮಾತನ್ನೂ ಅವರ ಬಾಯಲ್ಲಿ ಮತ್ತೆ ಕೇಳಲಿಲ್ಲ. ಪ್ರತಿಯೊಬ್ಬ ರೋಗಿಯನ್ನೂ ಬೆಳಕಿನಲ್ಲಿ ಕೂರಿಸಿ, ಮುಖ ನೋಡಿ, ತಾವೇ ಕೊಳಾಯಿಯವರೆಗೆ ಕರೆದೊಯ್ದು, “ಬಾಯಲ್ಲಿ ಏನಿದ್ರೂ ಉಗೀರಿ. ನಾಚ್ಕೋಬೇಡಿ, ನಾನು ಆ ಕಡೆ ತಿರುಗ್ತೀನಿ,” ಎನ್ನುತ್ತಿದ್ದರು. ಗಂಟಲು ನೋಡುವ ದಿನಗಳಲ್ಲಿ ಹಾಗೆ ಬೆಳಕು ಕಂಡ ಕಣ್ಣನ್ನು ಮತ್ತೆ ಹದಮಾಡಲು ಪ್ರತಿ ರೋಗಿಯ ಜೊತೆಗೂ ಕತ್ತಲೆಯಲ್ಲಿ ಹೊಸದಾಗಿ ಕೂರಬೇಕಾಗುತ್ತಿತ್ತು. ಸರದಿ ಬೆಳೆಯುತ್ತಿತ್ತು, ಸಹೋದ್ಯೋಗಿಗಳು ಗೊಣಗುತ್ತಿದ್ದರು. ಕತ್ತಲೆಯಲ್ಲಿ ಜೊತೆಗೆ ಕೂತ ರೋಗಿಗಳು ಬೆಳಕಿನಲ್ಲಿ ಹೇಳದ ಎಷ್ಟನ್ನೋ ಅವರಿಗೆ ಹೇಳಿದರಂತೆ.

ಮನುಷ್ಯನ ಒಳಗನ್ನು ನೋಡುವ ವಿದ್ಯೆ ಕೈಗೆ ಬಂದವರಿಗೆ ಹೊರಗನ್ನು ನೋಡುವ ವ್ಯವಧಾನ ಉಳಿಯುವುದು ಕಷ್ಟ. ಉಳಿಸಿಕೊಂಡವರನ್ನು ನಾವು ದೊಡ್ಡ ವೈದ್ಯರೆನ್ನುತ್ತೇವೆ, ಚಲುವಯ್ಯನವರು ಅಂಥವರಲ್ಲಿ ಒಬ್ಬರೆಂದು ನಾನು ಯಾರ ಮುಂದೆಯೂ ಹೇಳಬಲ್ಲೆ. ಆದರೆ ಅಂಥವರು ತಯಾರಾಗುವುದಕ್ಕೆ ಮೊದಲು ಯಾರಾದರೊಬ್ಬರು ಸಾಯಬೇಕಾಗುತ್ತದೆ, ಮತ್ತು ಆ ಒಬ್ಬರು ಹೆಚ್ಚಾಗಿ ದೊಡ್ಡವರ ಮುಂದೆ ಉಗಿಯಲು ನಾಚುವ ಮರ್ಯಾದಸ್ಥರೇ ಆಗಿರುತ್ತಾರೆ.