ಸೋಮವಾರದವರು

"ಇನ್ನ ಯಾರ ದಾರಿ ಕಾಯತೀರಿ? ಆಕಿಗೇನ್ ಮಕ್ಕಳೋ ಮರಿಯೋ. ಎತ್ತರಿ," ಅಂದ ತಳವಾರ ಬಸ್ಸಪ್ಪ.

"ತಡೀ ಮಾವ. ತುರ್ವಿಹಾಳದ ಕಡಿಂದ ಯಾರೋ ಹೆಂಗಸರು ಬರಾಕತ್ತಾರ," ಅಂದ ನರಸಣ್ಣ. ಸತ್ತ ಗದ್ದೆಮ್ಮ ಅವನಿಗೆ ಸೋದರತ್ತೆ. ಬರುತ್ತಿರುವವರು ಯಾರೆಂದು ಅವನಿಗೂ ತಿಳಿಯದು.

ಮಸ್ಕಿಯ ಗೌಡರ ವಾಡೆಯ ಎದುರು ಚಟ್ಟ ಇಳಿಸಿದ್ದರು. ಮೂವತ್ತು ವರ್ಷ ಗದ್ದೆಮ್ಮ ಕೂಸು ಆಡಿಸಿದ ಮನೆ ಅದು. ಈಗ ಆ ಕೆಲಸ ಮಾರೆಮ್ಮನದು. ಅವಳು ಗೌಡರ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಟ್ಟೆಯ ಮೇಲೆಯೇ ನಿಂತಿದ್ದಳು. ಮಣ್ಣಿಗೆ ಹೋಗಲು ಅಪ್ಪಣೆ ಇರಲಿಲ್ಲ. ಬೆಳಿಗ್ಗೆ ಗೌಡಸಾನಿ ಪಾರ್ವತೆಮ್ಮ ಹೇಳಿಬಿಟ್ಟಿದ್ದಳು: "ಸೋಮವಾರದ ರಜಾ ಗದ್ದೆಮ್ಮಗ ಕೊಟ್ಟಿದ್ದು. ಆಕಿ ಜೋಡಿನ ಮುಗೀತು." ಮಾರೆಮ್ಮ ತನ್ನ ಹೆತ್ತ ಮಗಳ ಮುಖವನ್ನು ಹಗಲಿನಲ್ಲಿ ಕಾಣುತ್ತಿದ್ದದ್ದು ಆ ಒಂದು ದಿನ ಮಾತ್ರ.

*

ಈಗಿನ ಗೌಡ ಮಾನಪ್ಪಗೌಡ ಆಗ ಹಾಲುಗೂಸು. ಸೋಮವಾರ ಬಸವಣ್ಣನ ವಾರ, ಯಾವ ರೈತನೂ ಎತ್ತಿಗೆ ನೊಗ ಹೂಡುವುದಿಲ್ಲ. ಅಂಥ ಒಂದು ಸೋಮವಾರ ಗದ್ದೆಮ್ಮ ಕೆಲಸಕ್ಕೇನೋ ಬಂದಳು. ಆದರೆ ಒಳಗೆ ಹೋಗದೆ ದನದ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕದಲ್ಲಿ ಕುಳಿತುಬಿಟ್ಟಳು. ಒಳಗೆ ಕೂಸು ಒಂದೇ ಸಮ ಕಿರುಚುತ್ತಿತ್ತು. ಕೂಸಿನ ಅಪ್ಪ ದೊಡ್ಡಗೌಡರೇ ಎದ್ದು ಬಂದರು.

"ಏನಬೇ ಇದು?"

"ಎತ್ತು ಕುಂತಾವ್ರಿ ಧಣಿ. ನಾನೂ ಕುಂತೀನಿ."

"ಎತ್ತೂ ನೀನೂ ಒಂದೇನ?"

"ಎತ್ತಿನಕಿಂತ ಹೆಚ್ಚಂತ ನಾ ಎಲ್ಲಿ ಅಂದೀನ್ರಿ? ಅದರಷ್ಟರ ಇರಲಿ ಅಂತೀನಿ."

"ಆತು, ಕುಂದ್ರು. ಇವತ್ತಿನ ಕೂಲಿ ಜೋಳ ಸಿಗಂಗಿಲ್ಲ."

"ಸೋಮವಾರ ಎತ್ತಿಗೆ ಮೇವು ಹಾಕಂಗಿಲ್ಲೇನ್ರಿ ಮತ್ತ?"

ಗೌಡರು ಗೋದಲಿ ನೋಡಿದರು. ಅದು ಹಸಿ ಹುಲ್ಲಿನಿಂದ ತುಂಬಿತ್ತು. ತಿರುಗಿ ಒಳಗೆ ಹೋದರು. ಅಂದಿನಿಂದ ಸೋಮವಾರ ಗದ್ದೆಮ್ಮನ ದಿನವಾಯಿತು, ಜೋಳವೂ ನಿಲ್ಲಲಿಲ್ಲ.

*

ತುರ್ವಿಹಾಳದವರು ಬಂದರು. ಅವರ ಬೆನ್ನಿಗೆ ಗೊರೇಬಾಳದವರು, ಆಮೇಲೆ ಲಿಂಗಸುಗೂರಿನಿಂದ ಗಾಡಿಯಲ್ಲಿ ಸಕೀನಾಬೀ. ಒಟ್ಟು ಹದಿನೇಳು ಮಂದಿ. ನಿನ್ನೆ ಸಂತೆಗೆ ಬಂದಿದ್ದ ಗಾಡಿಗಳವರು ಸುದ್ದಿ ಮುಟ್ಟಿಸಿದ್ದರಂತೆ. ದೂಳು ಮೆತ್ತಿದ ಕಾಲಲ್ಲೇ ಅವರು ಚಟ್ಟದ ಸುತ್ತ ಕುಳಿತರು. ನರಸಣ್ಣ ಬೆರಗಾಗಿ ಒಬ್ಬೊಬ್ಬರ ಮುಖ ನೋಡಿದ. ಒಬ್ಬರೂ ಬೀಗರಲ್ಲ, ಒಬ್ಬರೂ ಕುಲದವರಲ್ಲ.

ಮಾನಪ್ಪಗೌಡ ರುಮಾಲು ಸುತ್ತಿಕೊಂಡು ಮಣ್ಣಿಗೆ ಹೊರಟು ಬಂದವನು ಅಲ್ಲೇ ನಿಂತ. "ಯಾರವ್ವ ನೀವೆಲ್ಲ?"

"ಕೂಸು ಆಡಸವ್ರು ರೀ," ಅಂದಳು ಮುಂದೆ ಕುಳಿತವಳು. "ಇವತ್ತು ಸೋಮವಾರಲ್ರಿ? ಬರಾಕ ಬಂತು. ಈಕಿನ ನಮಗೆಲ್ಲ ಕೊಡಿಸಿದ ರಜಾ."

"ನಮ್ಮ ಪೊಲೀಸ್ ಅಮೀನ್ ಸಾಹೇಬರ ಮನ್ಯಾಗ ಎತ್ತಿಲ್ಲ, ಕುದುರಿ ಐತಿ," ಅಂದಳು ಸಕೀನಾಬೀ. "ಕುದುರಿಗೆ ರಜಾ ಇಲ್ಲ ಅಂದ್ರು. ಹಂಗಾರ ಕೂಸು ಕುದುರಿ ಕೈಯಾಗ ಕೊಡ್ರಿ ಅಂದೆ. ಇದನ್ನ ಹೇಳಿಕೊಟ್ಟಾಕಿನೂ ಈಕೀನ."

ಹೆಣದ ಮುಂದೆ ನಗಬಾರದೆಂದು ಹೆಂಗಸರು ಸೆರಗು ಬಾಯಿಗಿಟ್ಟರು. ಗೌಡ ನಗಲಿಲ್ಲ. ತನ್ನನ್ನು ಎತ್ತಿ ಆಡಿಸಿದವಳು ಇಷ್ಟು ಊರುಗಳ ತನಕ ಹಬ್ಬಿದ್ದಾಳೆಂದು ಅವನಿಗೆ ಇವತ್ತೇ ತಿಳಿದದ್ದು. ತಿರುಗಿ ಕಟ್ಟೆಯ ಕಡೆ ನೋಡಿದ.

"ಮಾರೆಮ್ಮ, ನೀ ಯಾಕ ಅಲ್ಲಿ ನಿಂತೀ?"

"ಅವ್ವಾರು ಬ್ಯಾಡಂದಾರ್ರಿ."

"ಇವತ್ತು ಸೋಮವಾರಲ್ಲ?"

"ಅದನ್ನ ನೀವು ಹೇಳಬೇಕ್ರಿ ಧಣಿ."

ಬಾಗಿಲ ಮರೆಯಲ್ಲಿ ಪಾರ್ವತೆಮ್ಮನ ಬಳೆ ಸದ್ದಾಯಿತು. ಗೌಡ ಅತ್ತ ನೋಡಲಿಲ್ಲ. ಕಟ್ಟೆ ಹತ್ತಿ ಎರಡೂ ಕೈ ಚಾಚಿ ಕೂಸನ್ನು ಇಸಕೊಂಡ.

ಮಾರೆಮ್ಮ ಇಳಿದು ಹೆಂಗಸರ ಸಾಲು ಸೇರಿದಳು. ಬಸ್ಸಪ್ಪ, ನರಸಣ್ಣ, ಮತ್ತಿಬ್ಬರು ಚಟ್ಟಕ್ಕೆ ಹೆಗಲು ಕೊಟ್ಟರು. ಮಣ್ಣಿಗೆಂದು ಹೊರಟ ಗೌಡ ಕಟ್ಟೆಯ ಮೇಲೆಯೇ ಉಳಿದ. ಕೂಸು ಅವನ ರುಮಾಲು ಕಿತ್ತೆಳೆದು, ಬೆನ್ನು ಬಿಲ್ಲು ಮಾಡಿ ಅಳತೊಡಗಿತು. ಕೂಸು ಸುಮ್ಮನಿರಿಸುವುದರಲ್ಲಿ ಕೈ ಪಳಗಿದ ಹದಿನೆಂಟು ಮಂದಿ ಒಬ್ಬೊಬ್ಬರಾಗಿ ಅವನ ಮುಂದೆಯೇ ಹಾದು ಹೋದರು. ಒಬ್ಬಳೂ ಕೈ ಚಾಚಲಿಲ್ಲ.